ಬಾವಿ ಇಳಿಸಿ ಸೇತುವೆ ಕಟ್ಟಿದವನು

ಪೆದ್ದಕಡುಬೂರಿನ ಹೊಲಗಳ ಬದಿಯ ಹಳ್ಳದಲ್ಲಿ ಒಂದು ಬೇಸಿಗೆ ಉದ್ಯೋಗ ಖಾತ್ರಿಯ ಹೂಳೆತ್ತುವ ಕೆಲಸ ನಡೆದಿತ್ತು. ಬೆಳಗಿನ ಆರಕ್ಕೆಲ್ಲ ಸಲಿಕೆ, ಗುದ್ದಲಿ, ಬುಟ್ಟಿ ಹಿಡಿದು ಗಂಡಸರು ಹೆಂಗಸರು ಇಳಿದಿದ್ದರು. ಬಿಸಿಲು ನೆತ್ತಿಗೇರುವುದರೊಳಗೆ ಅವರವರ ಪಾಲಿನ ಗುಂಡಿ ಮುಗಿಯಬೇಕು. ನೋಡಲು ಹೋದ ನಾನು ಸುಮ್ಮನಿರಲಾರದೆ ಒಂದು ಸಲಿಕೆ ಎತ್ತಿಕೊಂಡೆ. ಚೌಕಾಗಿ ತೋಡಿದ ಗುಂಡಿಯ ನಟ್ಟನಡುವೆ ಮೊಳದಗಲದ ಮಣ್ಣಿನ ಗುಡ್ಡೆಯೊಂದು ಹಾಗೇ ನಿಂತಿತ್ತು. ಅದರ ತಲೆಯ ಮೇಲೆ ಒಣ ಹುಲ್ಲೂ ಇತ್ತು. ಮರೆತು ಬಿಟ್ಟಿದ್ದಾರೆ ಅಂದುಕೊಂಡು ಅದಕ್ಕೆ ಸಲಿಕೆ ಹಾಕಹೋದರೆ ನಮ್ಮ ದೊಡ್ಡಪ್ಪನ ವಯಸ್ಸಿನ ಹಿರಿಯರೊಬ್ಬರು ಕೈ ಅಡ್ಡ ಹಿಡಿದರು. "ಅದನ್ನ ಕಡೀಬ್ಯಾಡೋ ತಮ್ಮಾ. ಅದು ನಮ್ಮ ಕೂಲಿ."

ಆ ಗುಡ್ಡೆ ಸಾಕ್ಷಿ. ಅದರ ತಲೆಯ ಹುಲ್ಲು ಹೇಳುವುದಿಷ್ಟೇ: ಅಗೆಯುವ ಮೊದಲು ನೆಲ ಇಲ್ಲಿಯವರೆಗೆ ಇತ್ತು. ಅಳತೆಯವರು ಬಂದು ಗುಡ್ಡೆಯ ಎತ್ತರ ನೋಡುತ್ತಾರೆ, ಗುಂಡಿಯ ಉದ್ದ ಅಗಲ ಹಿಡಿಯುತ್ತಾರೆ, ಗುಣಿಸುತ್ತಾರೆ. ಎಷ್ಟು ಮಣ್ಣು ಎದ್ದಿದೆಯೋ ಅಷ್ಟಕ್ಕೆ ಕೂಲಿ. ಗುಡ್ಡೆ ಉರುಳಿದರೆ ಆಳಕ್ಕೆ ಪುರಾವೆ ಇಲ್ಲ, ಆಳವಿಲ್ಲದ ಮೇಲೆ ದುಡಿಮೆಗೆ ಲೆಕ್ಕವಿಲ್ಲ. ಸಲಿಕೆ ಕೆಳಗಿಟ್ಟೆ. ಹಳಿಗಳ ಮಗ್ಗುಲಲ್ಲಿ, ರೈಲಿನ ಏರಿಗೆ ಮಣ್ಣು ತೆಗೆದ ಗುಂಡಿಗಳಲ್ಲಿಯೂ ಇಂಥ ಗುಡ್ಡೆಗಳನ್ನು ಬಿಡುವುದು ಹಳೆಯ ರೂಢಿ. ನಮ್ಮ ಸೀಮೆಗೆ ರೈಲು ತಂದ ಕಂಪನಿಯ ಮೊದಲ ಮುಖ್ಯ ಎಂಜಿನಿಯರ್ ಬಗ್ಗೆ ಬರೆಯಬೇಕೆಂದು ಕೂತಾಗ ನನಗೆ ಮೊದಲು ನೆನಪಾದದ್ದು ಆ ಹಿರಿಯರ ಮಾತು.

ನಮ್ಮೂರಿಗೆ ರೈಲಿಲ್ಲ. ಹಳಿ ಊರಿನ ಪಡುವಣಕ್ಕಿದೆ. ಆದೋನಿ ಬಿಟ್ಟ ಗಾಡಿ ಇಸ್ವಿ, ಕುಪ್ಪಗಲ್ಲು, ಕೋಸಿಗಿ ದಾಟಿ ಮಂತ್ರಾಲಯ ರೋಡ್ ನಿಲ್ದಾಣಕ್ಕೆ ಬರುತ್ತದೆ. ಆ ನಿಲ್ದಾಣದ ಹಳೆಯ ಹೆಸರು ತುಂಗಭದ್ರಾ. ಮುಂದೆ ಹೊಳೆಯ ಸೇತುವೆ. ದಾಟಿದರೆ ಕರ್ನಾಟಕದ ಮಟಮಾರಿ, ಆಮೇಲೆ ರಾಯಚೂರು. ಮುಂಬಯಿಯಿಂದ ಮದರಾಸಿಗೆ ಹೋಗುವ ಹೆದ್ದಾರಿಯಂಥ ಹಳಿ ಇದು. 1871ರಲ್ಲಿ ರಾಯಚೂರಿನಲ್ಲಿ ಎರಡು ಕಂಪನಿಗಳ ಹಳಿಗಳು ಕೂಡಿದವು. ಮುಂಬಯಿ ಕಡೆಯಿಂದ ಬಂದದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದರಾಸಿನ ಕಡೆಯಿಂದ ಕಡಪ, ಗುತ್ತಿ, ಗುಂತಕಲ್ಲು, ಆದೋನಿಯ ಮೇಲೆ ಬಂದದ್ದು ಮದರಾಸ್ ರೈಲ್ವೆ. ಆಗ ಆದೋನಿ ಬಳ್ಳಾರಿ ಜಿಲ್ಲೆಯ ತಾಲ್ಲೂಕು, ರಾಯಚೂರು ನಿಜಾಮರದು. ಹೀಗೆ ದೇಶದ ಎರಡು ಸಮುದ್ರತೀರಗಳಿಂದ ಹೊರಟ ಹಳಿಗಳು ಕೈ ಹಿಡಿದದ್ದು ಕನ್ನಡ ಮಾತಾಡುವ ನೆಲದಲ್ಲಿ.

ಈ ಎರಡು ಕಂಪನಿಗಳ ಮೊದಲ ಮುಖ್ಯ ಎಂಜಿನಿಯರುಗಳು ಒಬ್ಬನೇ ಗುರುವಿನ ಕೈಯಲ್ಲಿ ಪಳಗಿದವರು ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ಗುರು ರಾಬರ್ಟ್ ಸ್ಟೀಫನ್‌ಸನ್, ಉಗಿಬಂಡಿಯ ಹೆಸರಿನೊಂದಿಗೇ ಬೆಸೆದುಹೋದ ಜಾರ್ಜ್ ಸ್ಟೀಫನ್‌ಸನ್ ಅವರ ಮಗ. ಮುಂಬಯಿಗೆ ಬಂದವರು ಜೇಮ್ಸ್ ಜಾನ್ ಬರ್ಕ್ಲಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿದ ಮೊದಲ ಪ್ರಯಾಣಿಕರ ಗಾಡಿಯ ಹಳಿ ಹಾಕಿಸಿದವರು ಅವರೇ. ಮದರಾಸಿಗೆ ಬಂದವರು ಜಾರ್ಜ್ ಬಾರ್ಕ್ಲೆ ಬ್ರೂಸ್. ಬರ್ಕ್ಲಿಯ ಹೆಸರನ್ನು ರೈಲಿನ ಚರಿತ್ರೆ ಓದಿದವರು ಬಲ್ಲರು. ಬ್ರೂಸ್ ಹೆಸರನ್ನು ನಮ್ಮ ಕಡೆ ಯಾರ ಬಾಯಲ್ಲೂ ನಾನು ಕೇಳಿಲ್ಲ. ಗೋದಾವರಿ ಸೀಮೆಯಲ್ಲಿ ಆರ್ಥರ್ ಕಾಟನ್ ದೊರೆಗೆ ಊರೂರಿಗೆ ಪ್ರತಿಮೆಗಳಿವೆ. ಅಣೆಕಟ್ಟು ನೀರು ಕೊಡುತ್ತದೆ, ನೀರು ಕೊಟ್ಟವನನ್ನು ರೈತ ಮರೆಯುವುದಿಲ್ಲ. ಹಳಿ ಹಾಕಿದವನ ನೆನಪು ಗಾಡಿಯ ಸದ್ದಿನಲ್ಲಿ ಕರಗಿಹೋಗುತ್ತದೆ.

ಬ್ರೂಸ್ ಹುಟ್ಟಿದ್ದು 1821ರಲ್ಲಿ, ಇಂಗ್ಲೆಂಡಿನ ಉತ್ತರದ ನ್ಯೂಕ್ಯಾಸಲ್‌ನಲ್ಲಿ. ಕಲ್ಲಿದ್ದಲಿನ ಊರು, ರೈಲಿನ ತವರು. ತಂದೆ ಜಾನ್ ಬ್ರೂಸ್ ಅಲ್ಲಿ ಶಾಲೆ ನಡೆಸುತ್ತಿದ್ದರು. ಆ ಶಾಲೆಯಲ್ಲಿ ಓದಿದ ಹುಡುಗರಲ್ಲಿ ರಾಬರ್ಟ್ ಸ್ಟೀಫನ್‌ಸನ್ ಒಬ್ಬರು. ಮುಂದೆ ಮೇಷ್ಟರ ಮಗನೇ ಆ ಹಳೆಯ ವಿದ್ಯಾರ್ಥಿಯ ಎಂಜಿನ್ ಕಾರ್ಖಾನೆಗೆ ಕೆಲಸ ಕಲಿಯಲು ಸೇರಿದ. ಗುರುವಿನ ಮಗ ಶಿಷ್ಯನಿಗೆ ಶಿಷ್ಯನಾದ. ಐದು ವರ್ಷ ಕಬ್ಬಿಣ, ಎಣ್ಣೆ, ಉಗಿಯ ನಡುವೆ ಕಳೆದು, ಬಳಿಕ ಹಳಿ ಹಾಕುವ ಕೆಲಸಕ್ಕೆ ಹೊರಳಿದ ಬ್ರೂಸ್‌ಗೆ ಸ್ಟೀಫನ್‌ಸನ್ ದೊಡ್ಡದೊಂದು ಹೊಣೆ ವಹಿಸಿದರು. ಬೆರಿಕ್ ಎಂಬ ಊರಲ್ಲಿ ಟ್ವೀಡ್ ನದಿಗೆ 28 ಕಮಾನುಗಳ ಕಲ್ಲಿನ ಸೇತುವೆ. ಅದನ್ನು ಸ್ಥಳದಲ್ಲೇ ನಿಂತು ಕಟ್ಟಿಸಿದ ಎಂಜಿನಿಯರ್ ಬ್ರೂಸ್. 1850ರಲ್ಲಿ ವಿಕ್ಟೋರಿಯಾ ರಾಣಿ ಬಂದು ಉದ್ಘಾಟಿಸಿದರು. ಇಂದಿಗೂ ಅದರ ಮೇಲೆ ಗಾಡಿಗಳು ಓಡುತ್ತಿವೆ. ಆ ಕೆಲಸದ ಬಗ್ಗೆ ಬರೆದ ಪ್ರಬಂಧಕ್ಕೆ ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆ ಟೆಲ್ಫರ್ಡ್ ಪದಕ ಕೊಟ್ಟಿತು.

1851ರಲ್ಲಿ ಕಲ್ಕತ್ತೆಯ ಈಸ್ಟ್ ಇಂಡಿಯನ್ ರೈಲ್ವೆಗೆಂದು ಹಡಗು ಹತ್ತಿದವರು ಎರಡು ವರ್ಷದ ಮೇಲೆ ಮದರಾಸ್ ರೈಲ್ವೆಯ ಮುಖ್ಯ ಎಂಜಿನಿಯರ್ ಆದರು. ವಯಸ್ಸು ಮೂವತ್ತೆರಡರ ಆಸುಪಾಸು. ದಕ್ಷಿಣ ದೇಶದಲ್ಲಿ ಆಗ ಒಂದು ಮೊಳ ರೈಲು ಹಳಿಯೂ ಸಾರ್ವಜನಿಕರಿಗೆ ತೆರೆದಿರಲಿಲ್ಲ. ಬಂದ ವರ್ಷವೇ, 1853ರ ಜೂನ್‌ನಲ್ಲಿ, ಮದರಾಸಿನಿಂದ ಆರ್ಕಾಟಿನ ಕಡೆಗೆ ಕೆಲಸ ಮೊದಲಾಯಿತು.

ಆ ಹಾದಿಯಲ್ಲಿ ಅವರಿಗೆ ಎದುರಾದದ್ದು ನಮ್ಮ ನದಿಗಳು. ಇಂಗ್ಲೆಂಡಿನ ನದಿ ವರ್ಷವಿಡೀ ಹರಿಯುವಂಥದ್ದು. ಪಾಲಾರು, ಪೊನ್ನೈ, ಚಿತ್ರಾವತಿ, ಪೆನ್ನೆ ಇವೆಲ್ಲ ಬೇರೆಯೇ ಜಾತಿಯವು. ಹತ್ತು ತಿಂಗಳು ಅಗಲಕ್ಕೆ ಮರಳು, ಎಲ್ಲೋ ಒಂದು ಮೂಲೆಯಲ್ಲಿ ನೀರಿನ ಎಳೆ. ಮಳೆ ಹುಯ್ದ ರಾತ್ರಿ ಈ ದಡದಿಂದ ಆ ದಡಕ್ಕೆ ಕೆಂಪು ನೀರು. ನೆರೆ ಬಂದಾಗ ಮೇಲೆ ನೀರು ಹರಿಯುವುದಷ್ಟೇ ಅಲ್ಲ, ತಳದ ಮರಳೂ ಹರಿಯುತ್ತದೆ. ಸೇತುವೆಯ ಕಂಬಕ್ಕೆ ನೀರು ಬಡಿದು ಸುಳಿ ಎದ್ದಲ್ಲಿ ಮರಳು ಆಳಕ್ಕೆ ಕೊರೆದುಹೋಗುತ್ತದೆ. ನೆರೆ ಇಳಿಯುವಾಗ ಆ ಗುಂಡಿ ತಾನಾಗಿ ಮತ್ತೆ ತುಂಬಿಕೊಳ್ಳುತ್ತದೆ. ಮಾರನೆಯ ದಿನ ನೋಡಿದವನಿಗೆ ಏನೂ ಆಗಿಲ್ಲವೆಂದೇ ತೋರುತ್ತದೆ. ಮರಳಿನ ಮೇಲುಮೇಲೆ ಬುನಾದಿ ಇಟ್ಟವನ ಕಂಬ ಮಾತ್ರ ವಾಲಿರುತ್ತದೆ. 2009ರ ಅಕ್ಟೋಬರ್ ನೆರೆಯಲ್ಲಿ ಮಂತ್ರಾಲಯ ಮುಳುಗಿದ್ದನ್ನು ಕಂಡ ನಮ್ಮ ಜನಕ್ಕೆ ಹೊಳೆಯ ಆ ಕೈಬಲವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲೆಂಡಿನಲ್ಲಿ ಕಲಿತ ದಾರಿ ಹಿಡಿದಿದ್ದರೆ ಬ್ರೂಸ್ ನದಿಯೊಳಗೆ ಮರದ ಗೂಟಗಳ ಕೋಟೆ ಕಟ್ಟಿ, ನೀರು ಹೊರಗೆ ತೋಡಿ, ಒಣ ತಳ ಮಾಡಿ ಬುನಾದಿ ಹಾಕಬೇಕಿತ್ತು. ಮರಳಿನಲ್ಲಿ ನೀರು ತೋಡಿದಷ್ಟೂ ಅಡಿಯಿಂದ ಉಕ್ಕುತ್ತದೆ. ಅದಕ್ಕೆ ಉಗಿಯಂತ್ರದ ಪಂಪು ಬೇಕು, ಮರ ಬೇಕು, ದುಡ್ಡು ಬೇಕು. ಬ್ರೂಸ್ ನಮ್ಮ ಬಾವಿ ತೋಡುವವರ ಕಡೆ ನೋಡಿದರು. ಮರಳು ನೆಲದಲ್ಲಿ ಬಾವಿ ತೋಡುವ ವಿದ್ಯೆ ಈ ದೇಶದಲ್ಲಿ ಬಹಳ ಹಳೆಯದು. ಯಮುನೆಯ ದಡದ ತಾಜಮಹಲು ಇಂಥ ಬಾವಿಗಳ ಮೇಲೆ ನಿಂತಿದೆ. ಕಾಟನ್ನರ ಗೋದಾವರಿ ಅಣೆಕಟ್ಟಿನ ಅಡಿಯಲ್ಲೂ ಬಾವಿಗಳೇ.

ಆ ಕೆಲಸವನ್ನು ಹತ್ತಿರದಿಂದ ನೋಡೋಣ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ, ಕಂಬ ನಿಲ್ಲಬೇಕಾದ ಕಡೆ ಮರಳನ್ನು ಸಮ ಮಾಡಿ ಮರದ ದಪ್ಪನೆಯ ಬಳೆಯೊಂದನ್ನು ಮಲಗಿಸುತ್ತಾರೆ. ಬಳೆಯ ಕೆಳಅಂಚು ಚೂಪು. ಅದರ ಮೇಲೆ ಇಟ್ಟಿಗೆ, ಗಾರೆಯಿಂದ ದುಂಡಗೆ ಗೋಡೆ ಏಳಿಸುತ್ತಾರೆ. ನೆಲದ ಮೇಲೆ ನಿಂತ ಬಾವಿಯ ಹಾಗೆ ಕಾಣುತ್ತದೆ ಅದು, ಇನ್ನೂ ಒಳಗೆ ಹೋಗದ ಬಾವಿ. ಗಾರೆ ಬಿಗಿದ ಮೇಲೆ ಇಬ್ಬರು ಮೂವರು ಒಳಗಿಳಿದು ನಡುವಿನ ಮರಳನ್ನು ತೋಡಿ ಬುಟ್ಟಿಗೆ ತುಂಬುತ್ತಾರೆ, ಮೇಲಿನವರು ಹಗ್ಗದಲ್ಲಿ ಸೇದುತ್ತಾರೆ. ಬಳೆಯ ಅಡಿಯ ಮರಳು ಸಡಿಲವಾಗುತ್ತಲೇ ಗೋಡೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಎರಡಡಿ ಇಳಿದರೆ ಮೇಲೆ ಎರಡಡಿ ಇಟ್ಟಿಗೆ. ಮತ್ತೆ ತೋಡುವುದು, ಮತ್ತೆ ಏರಿಸುವುದು. ನೀರು ಬಂದರೂ ಕೆಲಸ ನಿಲ್ಲದು. ಉಸಿರು ಕಟ್ಟಿ ಮುಳುಗಿ, ನೀರಿನ ತಳದಲ್ಲಿ ಗುದ್ದಲಿಯಿಂದ ಮರಳು ಎಳೆದು ಬುಟ್ಟಿ ತುಂಬಿಸಿ ಮೇಲೇಳುವ ಕಸುಬುದಾರರಿದ್ದರು. ಗೋಡೆ ಹಟ ಹಿಡಿದು ನಿಂತರೆ ತಲೆಯ ಮೇಲೆ ಕಲ್ಲು ಹೇರುತ್ತಾರೆ. ಒಂದು ಕಡೆ ವಾಲಿದರೆ ಎತ್ತರ ಉಳಿದ ಕಡೆಯ ಅಡಿಯಲ್ಲಿ ಹೆಚ್ಚು ತೋಡಿ ಸರಿದೂಗಿಸುತ್ತಾರೆ. ಇದು ಕಾಗದದ ಲೆಕ್ಕಕ್ಕೆ ಸಿಗುವ ಕೆಲಸವಲ್ಲ. ಅಂಗೈಗೆ, ಅಂಗಾಲಿಗೆ ಗೊತ್ತಾಗಬೇಕು. ನೆರೆಯ ಕೊರೆತ ಮುಟ್ಟದಷ್ಟು ಆಳಕ್ಕೆ, ಗಟ್ಟಿ ನೆಲಕ್ಕೆ ಗೋಡೆ ಮುಟ್ಟಿತೆಂದರೆ ಹೊಟ್ಟೆಗೆ ಗಾರೆಕಲ್ಲು ತುಂಬಿ ಬಾಯಿ ಮುಚ್ಚುತ್ತಾರೆ. ಅಕ್ಕಪಕ್ಕದ ಬಾವಿಗಳ ತಲೆಗಳನ್ನು ಬೆಸೆದು, ಆ ಮೇಲೆ ಸೇತುವೆಯ ಕಂಬ.

ಪೊನ್ನೈ ಹೊಳೆಗೆ ಬ್ರೂಸ್ ಹೀಗೆ ಸೇತುವೆ ಕಟ್ಟಿಸಿದರು. ಊರಿಗೆ ಮರಳಿದ ಮೇಲೆ, 1857ರಲ್ಲಿ, ಲಂಡನ್ನಿನ ಸಂಸ್ಥೆಯ ಮುಂದೆ ಪೊನ್ನೈ ಸೇತುವೆಯನ್ನೇ ಉದಾಹರಣೆಯಾಗಿಟ್ಟು, ಮರಳು ತಳದಲ್ಲಿ ಇಟ್ಟಿಗೆಯ ಬಾವಿಗಳ ಮೇಲೆ ಸೇತುವೆ ಕಟ್ಟುವ ಬಗೆಯನ್ನು ವಿವರಿಸಿ ಪ್ರಬಂಧ ಮಂಡಿಸಿದರು. ನನಗೆ ಈ ಪ್ರಬಂಧ ಬ್ರೂಸ್ ಅವರ ಎಲ್ಲ ಸೇತುವೆಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಆಳುವವರ ಊರಿನಿಂದ ಬಂದ, ಪದಕ ಗೆದ್ದ ಎಂಜಿನಿಯರ್ ಒಬ್ಬ ಹೆಸರಿಲ್ಲದ ಬಾವಿ ತೋಡುವವರಿಂದ ಕಲಿತದ್ದನ್ನು ಹೊತ್ತು ತನ್ನ ಊರಿನ ಪಂಡಿತರ ಮುಂದೆ ನಿಂತು ಹೇಳಿದ. ಬಾವಿ ಬುನಾದಿ ಇಂದಿಗೂ ನಮ್ಮ ದೇಶದ ದೊಡ್ಡ ಹೊಳೆಗಳ ಸೇತುವೆಗಳಿಗೆ ಒದಗುತ್ತಿದೆ. ಇಟ್ಟಿಗೆ ಹೋಗಿ ಕಾಂಕ್ರೀಟ್ ಬಂತು, ಮುಳುಗುವವರು ಹೋಗಿ ಕ್ರೇನಿನ ಬಾಯಿ ಬಂತು. ತನ್ನ ಭಾರಕ್ಕೆ ತಾನೇ ಇಳಿಯುವ ಬಾವಿಯ ಗುಣ ಹಾಗೇ ಇದೆ.

ಬ್ರೂಸ್ ಅವರ ಇನ್ನೊಂದು ಕೆಲಸ ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ನಮ್ಮ ಸೀಮೆಗೆ ಹತ್ತಿರದ್ದು. ಅವರು ಗುತ್ತಿಗೆದಾರರನ್ನು ಬಿಟ್ಟರು.

ಆಗಿನ ರೈಲು ಕಂಪನಿಗಳ ವ್ಯವಸ್ಥೆ ಹೀಗಿತ್ತು. ಬಂಡವಾಳ ಲಂಡನ್ನಿನಲ್ಲಿ ಎತ್ತುವುದು. ಅದಕ್ಕೆ ವರ್ಷಕ್ಕೆ ಶೇಕಡಾ 5ರ ಬಡ್ಡಿಯನ್ನು ಸರ್ಕಾರ ಖಾತರಿ ಕೊಡುವುದು. ಗಾಡಿಯ ಗಳಿಕೆ ಸಾಲದಿದ್ದರೆ ಇಲ್ಲಿನ ಕಂದಾಯದಿಂದ, ಅಂದರೆ ಆದೋನಿಯ ಎರೆಹೊಲದ ರೈತನ ಗಂಟಿನಿಂದ ತುಂಬಿಕೊಡುವುದು. ಭೂಮಿ ಪುಕ್ಕಟೆ. ಖರ್ಚು ಎಷ್ಟಾದರೂ ಬಡ್ಡಿ ತಪ್ಪದು ಎಂದ ಮೇಲೆ ಕೈ ಬಿಗಿಹಿಡಿಯುವ ಆತುರ ಯಾರಿಗೆ? ಇಂಗ್ಲೆಂಡಿನಲ್ಲಿ ರೈಲು ಕಟ್ಟಿದ ದೊಡ್ಡ ಗುತ್ತಿಗೆದಾರರೇ ಇಲ್ಲಿಗೂ ಬಂದರು. ಅವರ ಕೆಳಗೆ ಉಪಗುತ್ತಿಗೆ, ಅದರ ಕೆಳಗೆ ಮುಕಾದಮ, ಕಟ್ಟಕಡೆಗೆ ಗುದ್ದಲಿ ಹಿಡಿದವನು. ಮೇಲಿನಿಂದ ಸುರಿದ ದುಡ್ಡು ಒಂದೊಂದು ಮೆಟ್ಟಿಲಲ್ಲೂ ಇಂಗಿ ಕೆಳಗೆ ಬರುವಾಗ ಹನಿಯಾಗುತ್ತಿತ್ತು. ಎಷ್ಟೋ ಸಲ ಹನಿಯೂ ಇಲ್ಲ.

ಬರ್ಕ್ಲಿಯ ಭೋರ್ ಘಾಟ್ ಇದಕ್ಕೆ ಸಾಕ್ಷಿ. ಸಹ್ಯಾದ್ರಿಯ ಆ ಕಡಿದಾದ ಏರಿನಲ್ಲಿ 25 ಕಿಲೋಮೀಟರಿನಷ್ಟು ಹಾದಿ, 1831 ಅಡಿ ಏರಿಕೆ, 25 ಸುರಂಗ. 1856ರಲ್ಲಿ ಮೊದಲಾದ ಕೆಲಸ ಮುಗಿದದ್ದು 1863ರಲ್ಲಿ. ನಡುವೆ, 1859ರಲ್ಲಿ, ಕೂಲಿ ಸಿಗದ ಕೆಲಸಗಾರರು ಕರ್ಜತ್ ಬಳಿ ಸಿಡಿದೆದ್ದರು. ಆ ವರ್ಷವೇ ಗುತ್ತಿಗೆದಾರ ಫೇವಿಯಲ್ ಕೆಲಸ ಕೈಬಿಟ್ಟರು. ಅವರ ಜಾಗಕ್ಕೆ ಬಂದ ಸಾಲೊಮನ್ ಟ್ರೆಡ್‌ವೆಲ್ ಕೆಲವೇ ದಿನಗಳಲ್ಲಿ ಕಾಯಿಲೆಯಿಂದ ತೀರಿಕೊಂಡರು. ಅವರ ಹೆಂಡತಿ ಆಲಿಸ್ ಟ್ರೆಡ್‌ವೆಲ್ ಗುತ್ತಿಗೆಯನ್ನು ತನ್ನ ಹೆಸರಿನಲ್ಲಿ ಮುಂದುವರಿಸಿ ಪೂರೈಸಿದರು. ಆ ಕಾಲದ ಒಬ್ಬ ಹೆಂಗಸು, ಗಂಡನನ್ನು ಮಣ್ಣಿಗಿಟ್ಟ ಊರಲ್ಲಿ ಅಂಥ ಹೊರೆ ಹೊತ್ತದ್ದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಕಾಲರಾ, ಸಿಡಿಮದ್ದು, ಜಾರಿಬಿದ್ದ ಬಂಡೆ ಇವುಗಳಿಗೆ ಸಾವಿರಾರು ಕೂಲಿಕಾರರು ಸತ್ತರು. ಅವರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ.

ಬ್ರೂಸ್ ಮದರಾಸಿನಲ್ಲಿ ಹಿಡಿದ ದಾರಿ ಬೇರೆ. ದೊಡ್ಡ ಗುತ್ತಿಗೆ ಕೊಡದೆ ಕಂಪನಿಯ ಎಂಜಿನಿಯರುಗಳೇ ನೇರವಾಗಿ ಜನರನ್ನು ಕೆಲಸಕ್ಕೆ ಹಚ್ಚಿ, ನೇರವಾಗಿ ಬಟವಾಡೆ ಮಾಡುವುದು. ದಕ್ಷಿಣದಲ್ಲಿ ಅದಕ್ಕೆ ತಕ್ಕ ಜನರೂ ಇದ್ದರು. ಒಡ್ಡರೆಂದು ಹಳೆಯ ದಾಖಲೆಗಳು ಕರೆದ, ಇಂದು ಕನ್ನಡ ಸೀಮೆಯಲ್ಲಿ ಭೋವಿ, ಆಂಧ್ರದಲ್ಲಿ ವಡ್ಡೆರ ಎಂದು ಹೇಳಿಕೊಳ್ಳುವ ಸಮುದಾಯ. ಮಣ್ಣು, ಕಲ್ಲು ಇವರ ಕುಲಕಸುಬು. ಸೊನ್ನಲಿಗೆಯಲ್ಲಿ ಕೆರೆ ತೋಡಿಸಿದ ಸಿದ್ಧರಾಮರನ್ನು ಇವರು ತಮ್ಮ ಗುರುವೆಂದು ಪೂಜಿಸುವುದು ಸುಮ್ಮನೆ ಅಲ್ಲ. ಗಂಡ ಅಗೆದರೆ ಹೆಂಡತಿ ಹೊರುತ್ತಾಳೆ, ಮಕ್ಕಳು ಕತ್ತೆ ಹೊಡೆಯುತ್ತಾರೆ. ಕುಟುಂಬವೇ ಒಂದು ಗ್ಯಾಂಗು. ದಿನಗೂಲಿ ಅವರಿಗೆ ಒಗ್ಗದು. ಅಳೆದ ಮಣ್ಣಿಗೆ ಅಳೆದ ಕೂಲಿ ಬೇಕು. ಗುಂಡಿಯ ನಡುವಿನ ಗುಡ್ಡೆಯ ಬೆಲೆ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನೇರ ಬಟವಾಡೆಯೆಂದರೆ ನಡುವಿನವರೆಲ್ಲ ಮಾಯವಾದರು ಎಂದಲ್ಲ. ಮೇಸ್ತ್ರಿಗಳಿದ್ದರು, ಅವರ ಕೈಯೂ ಅಷ್ಟೇನೂ ಶುದ್ಧವಿದ್ದಿರಲಿಕ್ಕಿಲ್ಲ. ಬ್ರೂಸ್ ಇದನ್ನು ದಯೆಯಿಂದ ಮಾತ್ರ ಮಾಡಿದರೆಂದೂ ನಾನು ಹೇಳಲಾರೆ. ಬೇರೆಯವರ ಲಾಭದ ಪಾಲು ಉಳಿಸುವುದು ಒಳ್ಳೆಯ ಎಂಜಿನಿಯರಿಂಗೂ ಹೌದು. ಆದರೂ ಅಳೆಯುವವನಿಗೂ ಅಗೆಯುವವನಿಗೂ ನಡುವೆ ಇರುವ ದೂರವನ್ನು ಕಡಿಮೆ ಮಾಡಬೇಕೆಂದು 1853ರಲ್ಲಿ ಒಬ್ಬನಿಗೆ ಹೊಳೆಯಿತಲ್ಲ, ಅದು ಸಣ್ಣ ಮಾತಲ್ಲ. ಒಂದೂವರೆ ಶತಮಾನ ಕಳೆದು 2005ರಲ್ಲಿ ನಮ್ಮ ಸಂಸತ್ತು ಉದ್ಯೋಗ ಖಾತ್ರಿ ಕಾಯ್ದೆ ಮಾಡಿದಾಗ ಗುತ್ತಿಗೆದಾರರಿಗೆ ಆ ಕೆಲಸಗಳಲ್ಲಿ ಜಾಗವಿಲ್ಲ ಎಂದು ಬರೆಯಿತು. ಬ್ರೂಸ್ ಹೆಸರು ಆ ಕಾಯ್ದೆ ಬರೆದವರಿಗೆ ನೆನಪಿರಬೇಕಾಗಿಲ್ಲ. ಗುದ್ದಲಿಯವನ ಕಷ್ಟ ಎರಡೂ ಕಾಲದಲ್ಲಿ ಒಂದೇ ಆಗಿತ್ತು.

ಬ್ರೂಸ್ ಇಲ್ಲಿ ಇದ್ದದ್ದು ಮೂರೇ ವರ್ಷ. ಸುಮಾರು 500 ಮೈಲಿಯ ಹಾದಿ ಗುರುತಿಸಿ, ಒಂದಷ್ಟು ಭಾಗ ಕಟ್ಟಿಸುವುದರೊಳಗೆ ಆರೋಗ್ಯ ಕೈಕೊಟ್ಟಿತು. 1856ರಲ್ಲಿ ಇಂಗ್ಲೆಂಡಿಗೆ ಮರಳಿದರು. ಅದೇ ವರ್ಷ ಜುಲೈ 1ರಂದು ಮದರಾಸಿನ ರಾಯಪುರದಿಂದ ವಾಲಾಜಾ ರೋಡಿನವರೆಗೆ ದಕ್ಷಿಣದ ಮೊದಲ ಪ್ರಯಾಣಿಕರ ರೈಲು ಓಡಿತು. ಕಂಬಗಳ ಸಾಲಿನ ಆ ರಾಯಪುರದ ನಿಲ್ದಾಣ ಇನ್ನೂ ನಿಂತಿದೆ. ಮುಂದೆ ಒಂದು ಕವಲು 1862ರಲ್ಲಿ ಪಡುವಣ ಕಡಲಿನ ಬೇಪೂರನ್ನು ಮುಟ್ಟಿತು, ಇನ್ನೊಂದು ಕವಲು ಅರಕೋಣದಿಂದ ಹೊರಟು ವರ್ಷಕ್ಕಿಷ್ಟೆಂದು ನಮ್ಮ ಕಡೆ ತೆವಳಿತು. ಬರ್ಕ್ಲಿ 1862ರಲ್ಲೇ ತೀರಿಕೊಂಡಿದ್ದರು, ತಮ್ಮ ಘಾಟಿನ ಮೇಲೆ ಗಾಡಿ ಓಡಿದ್ದನ್ನೂ ಕಾಣಲಿಲ್ಲ. ರಾಯಚೂರಿನಲ್ಲಿ ಹಳಿಗಳು ಕೂಡಿದಾಗ ಸ್ಟೀಫನ್‌ಸನ್ ಇರಲಿಲ್ಲ, ಬರ್ಕ್ಲಿ ಇರಲಿಲ್ಲ. ಬ್ರೂಸ್ ಇದ್ದರು, ಲಂಡನ್ನಿನಲ್ಲಿ.

ಹಳಿ ಬಂದದ್ದರಿಂದ ಇಲ್ಲಿ ಏನಾಯಿತು? ಮೊದಲು ಹತ್ತಿ. ಎರೆನೆಲದ ಹತ್ತಿ ಅಲ್ಲಿಯವರೆಗೆ ಎತ್ತಿನ ಮೇಲೆ, ಬಂಡಿಯ ಮೇಲೆ ವಾರಗಟ್ಟಲೆ ದಾರಿ ಸವೆಸಿ ಬಂದರಿಗೆ ಹೋಗಬೇಕಿತ್ತು. ಮಳೆ ಹಿಡಿದರೆ ಎರೆಯಲ್ಲಿ ಬಂಡಿಯ ಗಾಲಿ ಗುಂಬದವರೆಗೆ ಹೂತುಹೋಗುತ್ತದೆ. ರೈಲು ಬಂದ ಮೇಲೆ ಆದೋನಿಯ ಅರಳೆ ಪೇಟೆ ಬೆಳೆಯಿತು. ಆ ಪೇಟೆಯ ಹೆಸರು ಇವತ್ತಿಗೂ ಹತ್ತಿ ಬೆಳೆಯುವವರ ಬಾಯಲ್ಲಿದೆ. ಎರೆಮಣ್ಣು ಹಳಿಗೂ ಕಾಟ ಕೊಡುವ ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲಿನ ಏರಿ ಒಂದು ಕಡೆ ಕುಸಿದು ಇನ್ನೊಂದು ಕಡೆ ಏಳುತ್ತದೆ. ಗರಸು ತುಂಬಿ, ಜಲ್ಲಿ ಹಾಕಿ, ಮತ್ತೆ ಮತ್ತೆ ಮಟ್ಟ ಮಾಡುವ ಗ್ಯಾಂಗಿನವರಿಲ್ಲದೆ ಈ ಹಾದಿ ಒಂದು ಮಳೆಗಾಲವನ್ನೂ ದಾಟದು. ಸುಡುಬಿಸಿಲಲ್ಲಿ, ಕೊರೆವ ಚಳಿಯ ರಾತ್ರಿಯಲ್ಲಿ ಹಳಿಯ ಗುಂಟ ನಡೆಯುವ ಅವರನ್ನು ಕಂಡಾಗೆಲ್ಲ ನನಗೆ ನಿಂತು ಕೈ ಮುಗಿಯಬೇಕೆನಿಸುತ್ತದೆ.

ಹತ್ತಿಯ ಹಿಂದೆ ಬರ. ಹಳಿ ಕೂಡಿ ಐದೇ ವರ್ಷಕ್ಕೆ, ಧಾತು ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರವರೆಗೆ, ನಮ್ಮ ಸೀಮೆ ಕಂಡ ಘೋರ ಕ್ಷಾಮ. ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 1871 ಮತ್ತು 1881ರ ಗಣತಿಗಳ ನಡುವೆ ಸುಮಾರು ಐದನೇ ಒಂದು ಪಾಲು ಕುಸಿಯಿತು. ಹಳಿಯ ಮೇಲೆ ಧಾನ್ಯ ಬಂತು, ಅದರಿಂದ ಬದುಕಿದವರಿದ್ದಾರೆ. ಆದರೆ ನಿಲ್ದಾಣದಲ್ಲಿ ಮೂಟೆ ಇದ್ದ ಮಾತ್ರಕ್ಕೆ ಹಳ್ಳಿಯ ಒಲೆ ಹತ್ತುವುದಿಲ್ಲ. ನಿಲ್ದಾಣದಿಂದ ಹಳ್ಳಿಗೆ ಹೊರಲು ಎತ್ತುಗಳಿರಲಿಲ್ಲ, ಅವೂ ಸತ್ತಿದ್ದವು. ಇದ್ದ ಧಾನ್ಯ ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ಹೆಚ್ಚು ಬೆಲೆ ಸಿಕ್ಕ ಕಡೆಗೆ ಧಾನ್ಯವನ್ನು ಎಳೆದೊಯ್ಯುವ ಗುಣವೂ ಹಳಿಗಿದೆ. ಬರಪರಿಹಾರದ ಕಾಮಗಾರಿಗಳಲ್ಲಿ ದಿನವಿಡೀ ಮಣ್ಣು ಹೊತ್ತವನಿಗೆ ಒಂದು ಪೌಂಡು ಧಾನ್ಯ, ಮೇಲೊಂದು ಆಣೆಯಷ್ಟು ಕೂಲಿ ಸಾಕೆಂದು ಸರ್ಕಾರ ಕಳಿಸಿದ ಕ್ಷಾಮ ಅಧಿಕಾರಿ ರಿಚರ್ಡ್ ಟೆಂಪಲ್ 1877ರಲ್ಲಿ ನಿಗದಿ ಮಾಡಿದರು. ಅಳೆದು ಕೊಡುವುದು ಎಂಬ ಅದೇ ಮಾತು, ಬೇರೆಯವರ ಕೈಗೆ ಸಿಕ್ಕಾಗ ಹಸಿವಿನ ಅಳತೆಯಾಯಿತು. ಕ್ಷಾಮದ ತನಿಖೆಯ ಬಳಿಕ ಬರನಾಡಿಗೆ ಇನ್ನೂ ಹಳಿಗಳು ಬೇಕೆಂದು ಸರ್ಕಾರ ತೀರ್ಮಾನಿಸಿತು, ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿಯ ಸದರ್ನ್ ಮರಾಠಾ ರೈಲ್ವೆ ಹಾಗೆ ಬಂತು.

ಲಂಡನ್ನಿನಲ್ಲಿ ಬ್ರೂಸ್ ಸಲಹಾ ಎಂಜಿನಿಯರ್ ಆಗಿ ಬಹಳ ಕಾಲ ದುಡಿದರು. ಸೌತ್ ಇಂಡಿಯನ್ ರೈಲ್ವೆಗೆ ಸಲಹೆಗಾರರಾಗಿದ್ದರು, ಪ್ರಷ್ಯಾದಲ್ಲಿ ಹಳಿ ಹಾಕಿಸಿದರು. ಸ್ಪೇನಿನ ರಿಯೊ ಟಿಂಟೊ ಗಣಿಯ ಅದಿರನ್ನು ಹಡಗಿಗೆ ತುಂಬಲು ಥಾಮಸ್ ಗಿಬ್ಸನ್ ಜೊತೆಗೂಡಿ ಹುಯೆಲ್ವಾದಲ್ಲಿ ಅವರು ಕಟ್ಟಿಸಿದ ಕಬ್ಬಿಣದ ಧಕ್ಕೆಯನ್ನು ಆ ಊರವರು ಸ್ಮಾರಕವಾಗಿ ಕಾಪಾಡಿಕೊಂಡಿದ್ದಾರೆ, ಸಂಜೆ ಅದರ ಮೇಲೆ ಜನ ತಿರುಗಾಡುತ್ತಾರೆ. 1887ರಲ್ಲಿ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಅಧ್ಯಕ್ಷ ಪದವಿ, ಮರುವರ್ಷ ಸರ್ ಬಿರುದು. 1908ರಲ್ಲಿ ತೀರಿಕೊಂಡರು. ಅದೇ ವರ್ಷದ ಆರಂಭದಲ್ಲಿ ಅವರ ಮದರಾಸ್ ರೈಲ್ವೆ ಎಂಬ ಹೆಸರೂ ಅಳಿದು ಮದರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಹುಟ್ಟಿತ್ತು. 1953ರಲ್ಲಿ ಆಂಧ್ರ ರಾಜ್ಯವಾದಾಗ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಕರ್ನೂಲು ಜಿಲ್ಲೆಗೆ ಸೇರಿದವು. ತುಂಗಭದ್ರೆಯ ಸೇತುವೆ ಮೊದಲಿನಂತೆ ಎರಡು ಆಡಳಿತಗಳ ನಡುವಿನದಾಗಿಯೇ ಉಳಿಯಿತು. ಈ ದಡದಲ್ಲಿ ಕನ್ನಡ ಶಾಲೆಗೆ ಹೋದ ನಮ್ಮಂಥವರಿಗೆ ಆ ಸೇತುವೆ ಎಂದರೆ ಬೀಗರೂರಿನ ದಾರಿ. ರಾಯಚೂರಿನ ಆಸ್ಪತ್ರೆ, ಕಾಲೇಜು, ಮದುವೆ, ಸಾವು, ಎಲ್ಲಕ್ಕೂ ಅದನ್ನೇ ದಾಟುತ್ತೇವೆ.

ಸುಗ್ಗಿ ಮುಗಿದ ಮೇಲೆ ಒಮ್ಮೆ ಸಂಜೆ ಹೊತ್ತಿಗೆ ಕೋಸಿಗಿಯ ಪ್ಲಾಟ್‌ಫಾರ್ಮಿಗೆ ಹೋಗಿ ನೋಡಿ. ಮಳೆ ಕೈಕೊಟ್ಟ ವರ್ಷವಂತೂ ಕೂರಲು ಜಾಗವಿರುವುದಿಲ್ಲ. ಚೀಲದಲ್ಲಿ ಜೋಳ, ಬೋಗುಣಿಯಲ್ಲಿ ಪಾತ್ರೆ, ಕಂಕುಳಲ್ಲಿ ಕೂಸು. ಪೆದ್ದಕಡುಬೂರು, ಕೌತಾಳ, ಕೋಸಿಗಿ ಕಡೆಯ ಹಳ್ಳಿಗಳಿಂದ ಗುಳೆ ಹೊರಟವರು. ಕೆಲವರು ಗುಂಟೂರಿನ ಮೆಣಸಿನಕಾಯಿ ಬಿಡಿಸಲು, ಹೆಚ್ಚಿನವರು ಬೆಂಗಳೂರಿನ ಕಟ್ಟಡಗಳಿಗೆ. ಮುತ್ತಜ್ಜಂದಿರು ಮಣ್ಣು ಹೊತ್ತು ಎಬ್ಬಿಸಿದ ಏರಿಯ ಮೇಲೆ ಮರಿಮಕ್ಕಳು ಮಣ್ಣು ಹೊರಲು ಹೊರಡುತ್ತಾರೆ. ಮೇಸ್ತ್ರಿಯಿಂದ ಮುಂಗಡ ಈಸಿಕೊಂಡದ್ದಾಗಿದೆ. ಅದು ಯಾವಾಗ ತೀರುತ್ತದೆ, ದಿನಕ್ಕೆ ಎಷ್ಟು ಹಿಡಿಯುತ್ತಾರೆ ಎಂದು ಕೇಳಿದರೆ ಹೆಣ್ಣುಮಗಳೊಬ್ಬಳು, "ಮೇಸ್ತ್ರಿ ಬರದುಕೊಂಡಾನಣ್ಣ, ನಮಗೇನು ಗೊತ್ತಾಕ್ಕತಿ" ಅಂದಳು. ಆ ಪುಸ್ತಕವನ್ನು ಅವಳು ಒಮ್ಮೆಯೂ ತೆರೆದು ನೋಡಿಲ್ಲ.

ಹಳ್ಳದ ಗುಂಡಿಯಲ್ಲಿ ಆ ಬೇಸಿಗೆ ಅಳತೆಯವರು ಬಂದದ್ದು ಹತ್ತೂವರೆಗೆ. ಟೇಪಿನ ಒಂದು ತುದಿಯನ್ನು ಆ ಹಿರಿಯರೇ ಗುಡ್ಡೆಯ ತಲೆಗೆ, ಒಣ ಹುಲ್ಲಿನ ಬುಡಕ್ಕೆ ಒತ್ತಿ ಹಿಡಿದರು. ಅಳತೆಗೆ ಬಂದ ಹುಡುಗ ಕೆಳಗೆ ಕುಕ್ಕರಗಾಲಲ್ಲಿ ಕೂತು ಅಂಕಿ ಓದಿದ. ಹಿರಿಯರಿಗೆ ಓದು ಬಾರದು. ಅವರು ಹುಡುಗನ ಬಾಯನ್ನೇ ನೋಡುತ್ತಿದ್ದರು. ಅಂಕಿ ಪುಸ್ತಕಕ್ಕೆ ಇಳಿದ ಮೇಲೆ ಗುಂಡಿಗೆ ಇಳಿದು ಗುಡ್ಡೆಗೆ ತಾವೇ ಸಲಿಕೆ ಹಾಕಿದರು.